ವಿಳಾಸವಿಲ್ಲದವರಿಗೂ ಲಸಿಕೆಯ ಹಕ್ಕಿದೆ

(ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೀದಿಯಲ್ಲಿ ಬದುಕುವವರ ಮೇಲೆ ಒಂದು ಆರೋಪವಿದೆ. ಅವರಿಗೆ ಆರೋಗ್ಯದ ಅರಿವಿಲ್ಲ, ಲಸಿಕೆ ಕೊಟ್ಟರೂ ಹಾಕಿಸಿಕೊಳ್ಳುವುದಿಲ್ಲ ಎಂಬುದೇ ಆ ಆರೋಪ. ಆದರೆ ಲಸಿಕೆ ಕೊಡುವವರು ಅವರ ಬಳಿಗೆ ಹೋಗಿದ್ದರೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ 17.7 ಲಕ್ಷ ವಸತಿರಹಿತರಿದ್ದರು. 2021ರ ಜನವರಿ 16ರಂದು ಕೋವಿಡ್ ಲಸಿಕಾ ಅಭಿಯಾನ ಆರಂಭವಾಯಿತು. ಮೇ 1ರಿಂದ 18ರಿಂದ 44ರ ವಯೋಮಾನದವರಿಗೆ ಲಸಿಕೆ ಮುಕ್ತವಾದಾಗ ಕೋವಿನ್ ತಾಣದಲ್ಲಿ ಮುಂಗಡ ನೋಂದಣಿ ಕಡ್ಡಾಯವಾಗಿತ್ತು. ಅದಕ್ಕೆ ಮೊಬೈಲ್ ಬೇಕು, ಗುರುತಿನ ಚೀಟಿ ಬೇಕು. ಸೇತುವೆಯ ಕೆಳಗೆ ಮಲಗುವವನ ಬಳಿ ಇವೆಲ್ಲ ಎಲ್ಲಿಂದ ಬರಬೇಕು?

ಸರಕಾರಕ್ಕೆ ಇದರ ಅರಿವಾಗಲಿಲ್ಲವೆಂದಲ್ಲ. ಅದೇ ತಿಂಗಳು ಗುರುತಿನ ಚೀಟಿ ಇಲ್ಲದವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಹೊರಬಿತ್ತು. ಭಿಕ್ಷುಕರು, ಅಲೆಮಾರಿಗಳು, ವೃದ್ಧಾಶ್ರಮವಾಸಿಗಳು ಅದರ ವ್ಯಾಪ್ತಿಗೆ ಬಂದರು. ಮೇ 24ರಂದು ಸರಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ದೊರೆಯಿತು. ಮೇ 31ರ ಆದೇಶದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸುಪ್ರೀಮ್ ಕೋರ್ಟ್ ಪೀಠವು ಡಿಜಿಟಲ್ ಕಂದಕದ ಬಗ್ಗೆ ಕಟುವಾಗಿ ಪ್ರಶ್ನಿಸಿತು. ಗುರುತಿನ ಚೀಟಿ ಇಲ್ಲದ ಸುಮಾರು 87 ಲಕ್ಷ ಮಂದಿಗೆ ಲಸಿಕೆ ನೀಡಲಾಗಿದೆಯೆಂದು ಕೇಂದ್ರ ಸರಕಾರವು 2022ರಲ್ಲಿ ಅದೇ ನ್ಯಾಯಾಲಯಕ್ಕೆ ತಿಳಿಸಿತು. ಅವರೆಲ್ಲರೂ ವಸತಿರಹಿತರಲ್ಲ, ನಿಜ. ಆದರೆ ಬಾಗಿಲು ತೆರೆದರೆ ಜನರು ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ವಸ್ತುತಃ ನಮಗೆ ಈ ಪಾಠ ಹೊಸದೇನಲ್ಲ. ಪೋಲಿಯೋ ಅಭಿಯಾನವನ್ನು ನೆನಪಿಸಿಕೊಳ್ಳಿ. ರೈಲು ನಿಲ್ದಾಣ, ಬಸ್ ನಿಲ್ದಾಣ, ಇಟ್ಟಿಗೆ ಭಟ್ಟಿ, ಕಟ್ಟಡ ಕಾಮಗಾರಿಯ ಸ್ಥಳಗಳಿಗೆ ಕಾರ್ಯಕರ್ತೆಯರೇ ಹೋದರು. ಮಗುವಿನ ಬಾಯಿಗೆ ಎರಡು ಹನಿ, ಬೆರಳಿಗೊಂದು ಶಾಯಿಯ ಗುರುತು. ಯಾರೂ ವಿಳಾಸ ಕೇಳಲಿಲ್ಲ. ಆ ಹನಿಯ ಬಗ್ಗೆ ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಮ್ ಮೊಹಲ್ಲಾಗಳಲ್ಲಿ ವದಂತಿಗಳು ಹಬ್ಬಿದಾಗ ಅವುಗಳನ್ನು ನೀಗಿಸಲು ಇಮಾಮರೂ ನೆರೆಹೊರೆಯ ಮಹಿಳೆಯರೂ ಮುಂದೆ ಬಂದರು. 2011ರ ಜನವರಿಯ ಬಳಿಕ ದೇಶದಲ್ಲಿ ವೈಲ್ಡ್ ಪೋಲಿಯೋ ಪ್ರಕರಣ ಕಂಡುಬಂದಿಲ್ಲ.

ಬೀದಿಯ ಬದುಕಿನಲ್ಲಿ ಭಯವೂ ಇದೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಡಿ ಭಿಕ್ಷುಕರನ್ನು ಹಿಡಿದೊಯ್ಯಲು ಅವಕಾಶವಿದೆ. ಹೀಗಿರುವಾಗ ಸರಕಾರಿ ವಾಹನ ಕಂಡೊಡನೆ ಅವರು ಚದುರಿದರೆ ಅದನ್ನು ಅಜ್ಞಾನವೆನ್ನಬಹುದೇ? ಹಾಗಂತ ಬಲವಂತವೂ ಪರಿಹಾರವಲ್ಲ. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲವೆಂದು ಸುಪ್ರೀಮ್ ಕೋರ್ಟ್ 2022ರ ಮೇ 2ರಂದು ಸ್ಪಷ್ಟಪಡಿಸಿದೆ. ಇನ್ನು ಎರಡನೇ ಡೋಸಿನ ಮಾತು. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರವನ್ನು 2021ರ ಮೇಯಲ್ಲಿ 12ರಿಂದ 16 ವಾರಗಳಿಗೆ ವಿಸ್ತರಿಸಲಾಗಿತ್ತು. ಇಂದು ಈ ಕಾಲುದಾರಿಯಲ್ಲಿರುವವನನ್ನು ಮೂರು ತಿಂಗಳ ಬಳಿಕ ಎಲ್ಲಿ ಹುಡುಕುವುದು? ಅವನ ಪರಿಚಯವಿರುವವರು ಬೇಕು.

ಆ ಪರಿಚಯವಿರುವುದು ನಮ್ಮಂಥವರಿಗೆ. ಮಸೀದಿಯ ಮೆಟ್ಟಿಲು, ದೇವಸ್ಥಾನದ ಅನ್ನದಾನ, ದರ್ಗಾದ ಅಂಗಳ, ರಾತ್ರಿ ತಂಗುದಾಣ ಇವೆಲ್ಲ ಅವರು ನಂಬಿ ಬರುವ ತಾಣಗಳು. ಅಲ್ಲಿಗೆ ದಾದಿಯರನ್ನು ಕರೆತರೋಣ. ಕೆಲಸ ಮುಗಿದ ಸಂಜೆಯ ಹೊತ್ತಿನಲ್ಲೇ ಶಿಬಿರ ನಡೆಯಲೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸೋಣ. ಬೀದಿಯಲ್ಲಿ ಹುಟ್ಟಿದ ಮಗುವಿಗೂ ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆ ಬೇಕು. ಆ ಮಗುವಿನ ತಾಯಿಗೆ ಮುಂದಿನ ದಿನಾಂಕವನ್ನು ನೆನಪಿಸುವವರು ಯಾರು? ಈ ಸಭೆಯಿಂದ ಹೊರಡುವ ಮುನ್ನ ನಮ್ಮ ವಾರ್ಡಿನಲ್ಲಿ ಅಂಥವರು ಎಲ್ಲಿದ್ದಾರೆಂದು ಒಂದು ಪಟ್ಟಿ ಸಿದ್ಧಪಡಿಸಬೇಕೆಂದು ವಿನಂತಿಸುತ್ತೇನೆ.