ಆ ಕೂಲಿ ಯಾರ ಕೈ ಸೇರಿತು?

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ತುಂಬ ಸಂತೋಷ. "ಮೇಷ್ಟ್ರೇ, ಹಳೆಯ ನೆನಪು ನಾಲ್ಕು ಮಾತು ಹೇಳಿ" ಎಂದು ಸಂಘಟಕರು ಕೇಳಿದ್ದಾರೆ. ನಾನು ಒಂದು ಪಾಠವನ್ನೇ ಮಾಡಿ ಮುಗಿಸುತ್ತೇನೆ. ಅದು ಈ ಶಾಲೆಯಲ್ಲಿ ನಾನು ಬಾಕಿ ಉಳಿಸಿಹೋದ ಪಾಠ.

ನಾನು ಇಲ್ಲಿಗೆ ಬಂದ ಹೊಸತು. ಹಂಚಿನ ಕಟ್ಟಡದ ಕೊನೆಯ ಕೋಣೆಯಲ್ಲಿ ಒಂಬತ್ತನೇ ತರಗತಿ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ನೋಟ್ಸ್ ಹೇಳಿ ಬರೆಸುತ್ತಿದ್ದೆ. "ದೊರೆ ಮೂರನೇ ಜಾರ್ಜ್ ವಸಾಹತುಗಳ ದಂಗೆ ಅಡಗಿಸಲು ಜರ್ಮನಿಯಿಂದ ಕೂಲಿ ಸೈನಿಕರನ್ನು ಕರೆಸಿದನು" ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತ. "ಸಾ, ಆ ಕೂಲಿ ಯಾರ ಕೈಗೆ ಕೊಡ್ತಿದ್ರು?"

ತರಗತಿ ನಕ್ಕಿತು. ನಾನೂ ನಕ್ಕೆ. "ಪರೀಕ್ಷೆಗೆ ಬರೋದನ್ನ ಕೇಳಪ್ಪ. ಕೂತ್ಕೊ" ಎಂದೆ.

ಆಮೇಲೆ ಬೇರೊಬ್ಬ ಹುಡುಗನಿಂದ ವಿಷಯ ತಿಳಿಯಿತು. ಅವನ ಅಣ್ಣ ಪಕ್ಕದ ಊರಿನ ಜಮೀನ್ದಾರರೊಬ್ಬರ ಮನೆಯಲ್ಲಿ ಜೀತಕ್ಕಿದ್ದ. ಜೀತ ರದ್ದತಿ ಕಾಯ್ದೆ 1976ರಲ್ಲೇ ಬಂದಿತ್ತು, ಜೀತ ಹೋಗಿರಲಿಲ್ಲ. ಹಣ ತೆಗೆದುಕೊಂಡವನು ತಂದೆ, ದುಡಿದವನು ಮಗ. ಆ ಹುಡುಗ ತಮಾಷೆಗೆ ಕೇಳಿರಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಅವನ ಪ್ರಶ್ನೆಗೆ ಉತ್ತರ ನನಗೆ ಅಂದು ಗೊತ್ತೇ ಇರಲಿಲ್ಲ. ನಿವೃತ್ತನಾದ ಮೇಲೆ ಕುಳಿತು ಓದಿದೆ. ಇಂದು ಹೇಳುತ್ತೇನೆ.

ಆ ಕಾಲಕ್ಕೆ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ನೂರಾರು ಸಣ್ಣಪುಟ್ಟ ಸಂಸ್ಥಾನಗಳು, ಒಂದೊಂದಕ್ಕೂ ಒಬ್ಬ ಅರಸ. ಅಮೆರಿಕದ 13 ವಸಾಹತುಗಳು ತಿರುಗಿಬಿದ್ದಾಗ ಬ್ರಿಟನ್ನಿನ ಬಳಿ ಸಾಕಷ್ಟು ಸೈನ್ಯ ಇರಲಿಲ್ಲ. 1776ರ ಜನವರಿಯಲ್ಲಿ ಅದು ಬ್ರನ್ಸ್‌ವಿಕ್, ಹೆಸ್ಸೆ-ಕಾಸೆಲ್ ಅರಸರೊಡನೆ ಕರಾರು ಮಾಡಿಕೊಂಡಿತು. ಮುಂದೆ ಇನ್ನೂ ನಾಲ್ಕು ಸಂಸ್ಥಾನಗಳು ಸೇರಿದವು. ಯುದ್ಧ ಮುಗಿಯುವುದರೊಳಗೆ ಸುಮಾರು 30,000 ಜನ ಸಮುದ್ರ ದಾಟಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಹೆಸ್ಸೆ-ಕಾಸೆಲ್‌ನವರು. ಹಾಗಾಗಿ ಎಲ್ಲರಿಗೂ ಹೆಸ್ಸಿಯನ್ನರು ಎಂಬ ಹೆಸರೇ ಬಿತ್ತು.

ಬ್ರನ್ಸ್‌ವಿಕ್ ಕರಾರಿನಲ್ಲಿ ಒಂದು ಷರತ್ತಿದೆ. ಸೇರಿಸಿ ಕಳಿಸಿದ ಪ್ರತಿ ಸೈನಿಕನಿಗೆ 30 ಕ್ರೌನ್. ಅವನು ಸತ್ತರೆ ಮತ್ತೆ ಅಷ್ಟೇ. ಗಾಯಗೊಂಡವರಾದರೆ ಮೂವರನ್ನು ಸೇರಿಸಿ ಸತ್ತ ಒಬ್ಬನ ಲೆಕ್ಕ. ಸತ್ತವನ ಜಾಗಕ್ಕೆ ಹೊಸಬನನ್ನು ತರುವ ಖರ್ಚೆಂದು ಅರಸನ ಖಜಾನೆಗೆ ಹೋಗುತ್ತಿದ್ದ ಹಣ ಅದು, ಸತ್ತವನ ತಾಯಿಗಲ್ಲ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸೈನಿಕನಿಗೆ ಸಂಬಳ ಬರುತ್ತಿತ್ತು. ಊರಿನಲ್ಲಿ ಸಿಗುವುದಕ್ಕಿಂತ ಅದು ಹೆಚ್ಚೇ. ಇಷ್ಟಪಟ್ಟು ಹೋದವರೂ ಇದ್ದರು, ಮನೆಗೆ ಹಣ ಕಳಿಸಿದವರೂ ಇದ್ದರು. ಆದರೆ ಸೈನ್ಯ ಕೊಟ್ಟಿದ್ದಕ್ಕೆಂದು ವರ್ಷವರ್ಷವೂ ಬ್ರಿಟನ್ ಕಟ್ಟಿದ ದೊಡ್ಡ ಮೊತ್ತ ಸೇರಿದ್ದು ಅರಸರಿಗೆ. ಹೆಸ್ಸೆ-ಕಾಸೆಲ್‌ನ ಅರಸ ಎರಡನೇ ಫ್ರೆಡ್ರಿಕ್ ಆ ಕಾಲದಲ್ಲೇ, 1779ರಲ್ಲಿ, ಕಾಸೆಲ್ ಪಟ್ಟಣದಲ್ಲಿ ಭವ್ಯವಾದ ಮ್ಯೂಸಿಯಂ ತೆರೆದ. ಆ ಕಟ್ಟಡ ಇಂದಿಗೂ ಇದೆ. 1784ರಲ್ಲಿ ಬಂದ ಷಿಲ್ಲರ್ ಕವಿಯ ಒಂದು ನಾಟಕದಲ್ಲಿ ಅರಸನೊಬ್ಬ ತನ್ನ ಪ್ರೇಯಸಿಗೆ ವಜ್ರದೊಡವೆ ಕಳಿಸುತ್ತಾನೆ. ಬೆಲೆ ಎಷ್ಟು ಎಂದು ಅವಳು ಕೇಳಿದರೆ, 7,000 ಹುಡುಗರನ್ನು ಅಮೆರಿಕಕ್ಕೆ ಕಳಿಸಿದ್ದೇ ಅದರ ಬೆಲೆ ಎಂದು ಒಡವೆ ತಂದ ಮುದುಕ ಸೇವಕ ಹೇಳುತ್ತಾನೆ. ಅವನ ಮಕ್ಕಳೂ ಆ ಗುಂಪಿನಲ್ಲಿ ಹೋಗಿದ್ದಾರೆ.

ಹೋದವರು ಯಾರು? ಹೆಸ್ಸೆಯಲ್ಲಿ ಆಸ್ತಿವಂತ ರೈತನಿಗೆ, ಕಸುಬುದಾರನಿಗೆ ಸೈನ್ಯದಿಂದ ವಿನಾಯಿತಿ ಇತ್ತು. ಹೊಲವಿಲ್ಲದ ಕಿರಿಯ ಮಗ, ದಿವಾಳಿ ಎದ್ದವನು, ಕೆಲಸವಿಲ್ಲದವನು, ಇಂಥವರ ಮೇಲೆ ಕಣ್ಣು. ದಾರಿಹೋಕರನ್ನೂ ಬಿಡಲಿಲ್ಲ. ಯೋಹಾನ್ ಗಾಟ್‌ಫ್ರೀಡ್ ಸಾಯ್ಮೆ ಎಂಬ ವಿದ್ಯಾರ್ಥಿ 1781ರಲ್ಲಿ ಲೈಪ್‌ಜಿಗ್ ಬಿಟ್ಟು ಪ್ಯಾರಿಸ್ಸಿಗೆ ಹೊರಟಿದ್ದ. ಹೆಸ್ಸೆಯ ಸೇನಾ ಭರ್ತಿಯವರು ನಡುದಾರಿಯಲ್ಲಿ ಹಿಡಿದು ಹಡಗು ಹತ್ತಿಸಿದರು. ಅವನು ಇಳಿದದ್ದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ಜೀವ ಉಳಿಸಿಕೊಂಡು ಮರಳಿ, ಮುಂದೆ ಹೆಸರಾಂತ ಲೇಖಕನಾದ. ಅವನು ಬರೆದಿಟ್ಟದ್ದರಿಂದ ನಮಗೆ ಗೊತ್ತಾಗಿದೆ. ಬರೆಯಲು ಬಾರದವರ ಕಥೆ ಅವರೊಂದಿಗೇ ಹೋಯಿತು.

ಟ್ರೆಂಟನ್ ಕದನ ನಿಮಗೆ ನೆನಪಿರಬಹುದು. 1776ರ ಡಿಸೆಂಬರ್ 26ರ ಬೆಳಿಗ್ಗೆ ವಾಷಿಂಗ್ಟನ್ ಡೆಲಾವೇರ್ ನದಿ ದಾಟಿಬಂದು ಸುಮಾರು 900 ಹೆಸ್ಸಿಯನ್ನರನ್ನು ಸೆರೆಹಿಡಿದ. "ಹಬ್ಬದಲ್ಲಿ ಕುಡಿದು ಮಲಗಿದ್ದರು" ಎಂದು ನಾನು ತೂರಾಡಿ ತೋರಿಸುತ್ತಿದ್ದೆ, ನೀವೆಲ್ಲ ನಗುತ್ತಿದ್ದಿರಿ. ಅದು ಕಟ್ಟುಕಥೆ ಎನ್ನುತ್ತಾರೆ ಇತಿಹಾಸಕಾರರು. ದಿನಗಟ್ಟಲೆ ಕಾವಲಿನಿಂದ ಅವರು ಸುಸ್ತಾಗಿದ್ದರು. ಅವರ ದಳಪತಿ ಕರ್ನಲ್ ರಾಲ್ ಗುಂಡೇಟಿನಿಂದ ಸತ್ತ. ಅವರನ್ನು ಗೇಲಿ ಮಾಡಿದ ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಅಮೆರಿಕದವರು ಒಂದು ಜಾಣತನ ಮಾಡಿದರು. ಸೈನ್ಯ ಬಿಟ್ಟು ಬಂದವರಿಗೆ 50 ಎಕರೆ ಭೂಮಿ ಎಂದು 1776ರ ಆಗಸ್ಟ್‌ನಲ್ಲಿ ಜರ್ಮನ್ ಭಾಷೆಯಲ್ಲೇ ಕರಪತ್ರ ಹಂಚಿದರು. ಪೆನ್ಸಿಲ್ವೇನಿಯಾದಲ್ಲಿ ಮೊದಲೇ ನೆಲೆಸಿದ್ದ ಜರ್ಮನ್ ರೈತರಿದ್ದರು. ಸೆರೆಯಾದವರನ್ನು ಅವರ ಹೊಲಗಳಿಗೆ ಕೆಲಸಕ್ಕೆ ಕಳಿಸಿದರು. ತಮ್ಮದೇ ಮಾತು, ತಮ್ಮದೇ ರೊಟ್ಟಿ, ಮೇಲೆ ಸ್ವಂತ ಹೊಲದ ಆಸೆ! ಸುಮಾರು 5,000 ಜನ ಅಲ್ಲೇ ಉಳಿದರು. ಏಳು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಕಾಯಿಲೆಯಿಂದ. ಊರಿಗೆ ಮರಳಿದವರು ಸುಮಾರು 17,000.

ಇದೆಲ್ಲ ಎಲ್ಲಿಯದೋ ಕಥೆ ಅನ್ನಬೇಡಿ. ಮೂರನೇ ಜಾರ್ಜ್ ಜರ್ಮನಿಯ ಹ್ಯಾನೋವರ್‌ಗೂ ಒಡೆಯ. ಹೈದರ್ ಮತ್ತು ಟಿಪ್ಪು ವಿರುದ್ಧದ ಎರಡನೇ ಮೈಸೂರು ಯುದ್ಧಕ್ಕೆ ಅಲ್ಲಿಂದ ಎರಡು ರೆಜಿಮೆಂಟುಗಳು ಮದ್ರಾಸಿಗೆ ಬಂದವು. 1783ರಲ್ಲಿ ಕಡಲೂರಿನಲ್ಲಿ ಹೋರಾಡಿದವು. ಇನ್ನು ನಾವು ಪ್ರವಾಸ ಹೋಗುತ್ತಿದ್ದ ಶ್ರೀರಂಗಪಟ್ಟಣದಲ್ಲೇ, ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ, ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ. ಅದು ಸ್ವಿಟ್ಜರ್ಲೆಂಡಿನ ಒಬ್ಬ ಕೌಂಟ್ ಕಟ್ಟಿದ ಬಾಡಿಗೆ ಪಡೆ. ಮೊದಲು ಡಚ್ ಕಂಪನಿಯ ಕೈಯಲ್ಲಿತ್ತು, 1795ರಲ್ಲಿ ಬ್ರಿಟಿಷರ ಪಾಲಾಯಿತು, 1799ರಲ್ಲಿ ಟಿಪ್ಪುವಿನ ಕೋಟೆಯ ಮುಂದೆ ನಿಂತಿತು. ಎಷ್ಟೋ ವರ್ಷ ಮಕ್ಕಳನ್ನು ಕರೆದೊಯ್ದು ಗುಂಬಜ್ ತೋರಿಸಿದೆ, ದರಿಯಾ ದೌಲತ್ ತೋರಿಸಿದೆ. ಆ ಸ್ಮಶಾನದ ಮುಂದೆ ಒಮ್ಮೆಯೂ ಬಸ್ಸು ನಿಲ್ಲಿಸಲಿಲ್ಲ. ಈಗಿನ ಮೇಷ್ಟ್ರುಗಳು ದಯವಿಟ್ಟು ನಿಲ್ಲಿಸಿ.

ಮತ್ತೊಂದು ಕೋರಿಕೆ. ಹಿಂದಿನ ಬೆಂಚಿನಿಂದ ಮಗು ಎದ್ದು ಕೇಳಿದರೆ, ಉತ್ತರ ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲಪ್ಪ, ನೋಡಿ ಹೇಳ್ತೀನಿ" ಅನ್ನಿ. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಹುಡುಗನಿಗೆ ಈಗ ಅರವತ್ತು ಸಮೀಪಿಸಿರಬೇಕು. ಈ ಪೆಂಡಾಲಿನಲ್ಲಿ ಇದ್ದಾನೋ ಇಲ್ಲವೋ ತಿಳಿಯದು. ಈ ಮಾತುಗಳು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತವಂತೆ. ಅವನ ಜೊತೆ ಓದಿದವರು ಇಲ್ಲಿದ್ದೀರಿ. ಒಂದು ಪ್ರತಿ ಅವನಿಗೆ ತಲುಪಿಸಿ. ಕೂಲಿ ಅರಸನ ಕೈಗೆ ಹೋಗುತ್ತಿತ್ತಂತೆ, ನೀನು ಕೇಳಿದ್ದು ಸರಿಯಾಗೇ ಇತ್ತಂತೆ, ಮೇಷ್ಟ್ರು ಹೇಳಿದರು ಅನ್ನಿ.