ಬುಕಾನನ್ ನಮ್ಮೂರಿಗೆ ಬರಲಿಲ್ಲ

ಇವತ್ತಿನ ಮಾತು ಒಂದು ಪೊರಕೆಯಿಂದ ಶುರು. ನಾಯಕನಹಟ್ಟಿ ಕಡೆಯವರಾದ್ರೆ ನಿಮ್ಮ ಮನೇಲೂ ಇದ್ದಿರಬೇಕು, ಹಂಚಿ ಕಡ್ಡಿ ಪೊರಕೆ. ಹಂಚಿ ಹುಲ್ಲನ್ನ ಕಿತ್ತು, ಒಣಗಿಸಿ, ಬಿಗಿಯಾಗಿ ಕಟ್ಟಿದ್ದು. ಈ ಹುಲ್ಲಿಗೆ ಸಸ್ಯಶಾಸ್ತ್ರದಲ್ಲಿ ಇನ್ನೊಂದು ಹೆಸರಿದೆ: ಅರಿಸ್ಟಿಡಾ ಸೆಟೇಸಿಯ. ಆ ಹೆಸರಿಟ್ಟವರು ಸ್ವೀಡನ್ನಿನ ರೆಟ್ಜಿಯಸ್, 1786ರಲ್ಲಿ.

ಸ್ವೀಡನ್ನಿಗೂ ನಮ್ಮ ಪೊರಕೆಗೂ ಎಲ್ಲಿಯ ನಂಟು ಅಂತೀರಾ? ಆಗ ತಮಿಳುನಾಡಿನ ತರಂಗಂಬಾಡಿ ಡೇನಿಷರ ಕೈಲಿತ್ತು. 1768ರಲ್ಲಿ ಅಲ್ಲಿಗೆ ಬಂದ ಕೋನಿಗ್ ಅನ್ನೋ ಡಾಕ್ಟರು ಗಿಡ, ಹುಲ್ಲು ಆಯ್ದು, ಕಾಗದದ ನಡುವೆ ಒತ್ತಿ ಒಣಗಿಸಿ, ಹಡಗಿನಲ್ಲಿ ಯುರೋಪಿಗೆ ಕಳಿಸ್ತಿದ್ದರು. ಹಾಗೆ ಹೋದ ಗಿಡಗಳನ್ನ ನೋಡಿ ರೆಟ್ಜಿಯಸ್ ಅಲ್ಲೇ ಕೂತು ಹೆಸರು ಕೊಟ್ಟರು. ಹೀಗೆ ಒಣಗಿಸಿದ ಗಿಡಗಳನ್ನ ಹಾಳೆಗೆ ಅಂಟಿಸಿ ಕಾಪಾಡೋ ಜಾಗಕ್ಕೆ ಹರ್ಬೇರಿಯಂ ಅಂತಾರೆ. ಹಾಳೆಯ ಮೂಲೆಯಲ್ಲಿ ಒಂದು ಚೀಟಿ ಇರುತ್ತೆ: ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಕಿತ್ತರು. ನನಗೆ ಗಿಡಕ್ಕಿಂತ ಆ ಚೀಟಿ ಮುಖ್ಯ ಅನ್ನಿಸುತ್ತೆ. ಬಿಕಾಂ ಓದಿದವನಲ್ವಾ, ವೋಚರ್ ಇಲ್ಲದ ಎಂಟ್ರಿ ನಂಬೋಕೆ ಆಗಲ್ಲ.

ನಮ್ಮ ಸೀಮೆಯ ಕಥೆಗೆ ಬರೋಣ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರನ್ನ ಮೈಸೂರು ಸೀಮೆ ನೋಡಿ ಬಾ ಅಂತ ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದ್ರಾಸ್ ಬಿಟ್ಟ ಬುಕಾನನ್ ಒಂದು ವರ್ಷಕ್ಕೂ ಹೆಚ್ಚು ಕಾಲ ಸುತ್ತಿದರು. ಯಾವ ಊರಲ್ಲಿ ಏನು ಬೆಳೀತಾರೆ, ಕಂದಾಯ ಎಷ್ಟು, ಯಾರು ಏನು ನೇಯ್ತಾರೆ, ಸಂತೇಲಿ ಏನು ಬಿಕರಿ, ಕಾಡಿನ ಮರಗಳಿಗೆ ಜನ ಏನಂತಾರೆ, ಎಲ್ಲ ಬರ್ಕೊಂಡರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಆಗಿ ಅಚ್ಚಾಯ್ತು. ಒಂದು ಕಂಪನಿ ಇನ್ನೊಂದು ಕಂಪನೀನ ಕೊಂಡುಕೊಂಡ ಮೇಲೆ ಗೋಡೌನ್‌ಗೆ ಹೋಗಿ ಸ್ಟಾಕ್ ಎಣಿಸ್ತಾರಲ್ಲ, ಓದುವಾಗ ನನಗೆ ಅದೇ ನೆನಪಾಗೋದು. ಆದರೆ ಬುಕಾನನ್ ಒಳಗೆ ಒಬ್ಬ ಗಿಡದ ಹುಚ್ಚ ಇದ್ದ. ದಾರಿಯಲ್ಲಿ ಕಿತ್ತ ಮೈಸೂರಿನ ಗಿಡಗಳು ಆಮೇಲೆ ಲಂಡನ್ನಿನ ಲಿನ್ನಿಯನ್ ಸೊಸೈಟಿ ಕಟ್ಟಿದ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೈ ಸೇರಿದವು.

ನಮಗೆ ಬೇಕಾದ ವಿಷಯ ಅವರ ದಾರಿ. 1801ರ ಬೇಸಿಗೆಯಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗ ನೋಡ್ಕೊಂಡು ಹಿರಿಯೂರಿಗೆ ಇಳಿದು, ಅಲ್ಲಿಂದ ಶ್ರೀರಂಗಪಟ್ಟಣದ ಕಡೆ ಹೋದರು. ದುರ್ಗದಿಂದ ದಕ್ಷಿಣಕ್ಕೆ ತಿರುಗಿದರು. ನಾವಿರೋದು ಈಶಾನ್ಯಕ್ಕೆ. ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮೂರು ಕಡೆ ಬರಲೇ ಇಲ್ಲ.

ಬಂದಿದ್ರೂ ಏನು ಕಾಣ್ತಿತ್ತು ಹೇಳಿ? ನಮ್ಮ ಕಾವಲು ಬೇಸಿಗೇಲಿ ನೋಡಿದವರಿಗೆ ಅದು ಬರೀ ಬಯಲು. ಬಂಡೆ, ಕೆಂಪು ಮಣ್ಣು, ಮೇಯ್ದು ಉಳಿದ ಕೂಳೆ, ದೂರದಲ್ಲಿ ಒಂದು ಜಾಲಿ. ಹುಲ್ಲನ್ನ ಗುರುತು ಹಿಡಿಯೋಕೆ ತೆನೆ ಬೇಕು. ತೆನೆ ಬರಬೇಕಾದ್ರೆ ಮುಂಗಾರು ಮುಗಿದು ಹಿಂಗಾರು ಹನಿಯೋ ಹೊತ್ತಾಗಬೇಕು. ದಸರಾ ಮುಂದೆ ಹೋಗಿ ನೋಡಿ, ಅದೇ ನೆಲದಲ್ಲಿ ಮೊಣಕಾಲುದ್ದದ ಹುಲ್ಲು ಗಾಳಿಗೆ ಅಲೆ ಅಲೆಯಾಗಿ ಬಾಗ್ತಿರುತ್ತೆ. ಹರ್ಬೇರಿಯಂ ಹಾಳೆ ಅಂದ್ರೆ ಗಿಡದ ಲೆಕ್ಕ ಅಷ್ಟೇ ಅಲ್ಲ, ಸಾಹೇಬರ ಡೇರೆ ಯಾವ ರಸ್ತೇಲಿ, ಯಾವ ತಿಂಗಳು ಬಿದ್ದಿತ್ತು ಅನ್ನೋದರ ಲೆಕ್ಕವೂ ಹೌದು. ಆಮೇಲಿನವರೂ ಹೆಚ್ಚಾಗಿ ಮಳೆ ಬೀಳೋ ಕಡೆಗೇ ಹೋದರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಎಂಥಾ ದೊಡ್ಡ ಕೆಲಸಗಾರ! ಅವರು ಮೊದಲು ಎತ್ತಿಕೊಂಡಿದ್ದು ಸಕಲೇಶಪುರದ ಘಟ್ಟ ಇರೋ ಹಾಸನ ಜಿಲ್ಲೆ. ಆ ಪುಸ್ತಕ 1976ರಲ್ಲಿ ಬಂತು. ತಪ್ಪು ಅಂತಲ್ಲ. ಹಸಿರು ಕಂಡಲ್ಲಿಗೆ ಕಾಲು ಹೋಗುತ್ತೆ.

ಇದೆಲ್ಲ ಹಳೇ ಕಥೆ, ಈಗ್ಯಾಕೆ ಅಂದ್ರೆ, ನಮ್ಮ ಕುದಾಪುರ ಇದೆಯಲ್ಲ. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ಎತ್ತುಗಳ ಮೇವಿಗೆ ಅಂತ ಬಿಟ್ಟಂಥ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆಯನ್ನ 2009ರಿಂದೀಚೆಗೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವಕ್ಕೆ ಕೊಟ್ಟರು. ಹಸಿರು ನ್ಯಾಯಮಂಡಳಿವರೆಗೂ ಕೇಸ್ ಹೋಯ್ತು. ದೇಶಕ್ಕೆ ಸಂಸ್ಥೆಗಳು ಬೇಕು, ಕೆಲಸ ಸಿಗಲಿ ಅನ್ನೋ ಆಸೆ ನನಗೂ ಇದೆ. ಆದರೆ ಆಗ ಕೇಳಿಬಂದ ಮಾತು, "ಅಲ್ಲೇನಿದೆ? ಬರಡು ನೆಲ." ಆ ಮಾತು ಈಗಲೂ ನನ್ನ ಹೊಟ್ಟೇಲಿ ಚುಚ್ಚುತ್ತೆ. ಯಾರೂ ಸರಿಯಾದ ತಿಂಗಳಲ್ಲಿ ಬಂದು ಎಣಿಸದೇ ಇದ್ದರೆ ಲೆಕ್ಕದ ಪುಸ್ತಕ ಖಾಲಿ ಇರುತ್ತೆ. ಪುಸ್ತಕ ಖಾಲಿ ಅಂದ್ರೆ ಗೋಡೌನ್ ಖಾಲಿ ಅಂತ ಅಲ್ಲವಲ್ಲ.

ಇನ್ನೊಂದು ತಮಾಷೆ. ಸಲ್ಡಾನ ಅವರ ಕಾಲೇಜಿನ ಆ ಹರ್ಬೇರಿಯಂ ಈಗಿರೋದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಕುದಾಪುರದಲ್ಲಿ 1,500 ಎಕರೆ ಸಿಕ್ಕಿರೋದೂ ಅದೇ ಸಂಸ್ಥೆಗೆ. ಹಾಳೆ ಅಲ್ಲಿ, ಹುಲ್ಲು ಇಲ್ಲಿ. ನಡುವೆ ಬರೀ ಇನ್ನೂರು ಚಿಲ್ಲರೆ ಕಿಲೋಮೀಟರ್!

ನಿಜವಾಗಿ ಈ ಹುಲ್ಲು ಗೊತ್ತಿರೋರು ಕಿಲಾರಿಗಳು. ಮ್ಯಾಸನಾಯಕರ ದೇವರ ಎತ್ತು ಕಾಯ್ತಾರಲ್ಲ, ಅವರು. ಯಾವ ಹುಲ್ಲು ಎಳೇದಿದ್ದಾಗ ಮೇಯಿಸಬೇಕು, ಯಾವುದರ ಮುಳ್ಳು ದನದ ಬಾಯಿಗೆ ಚುಚ್ಚುತ್ತೆ, ಅವರಿಗೆ ನಿದ್ದೇಲೂ ಗೊತ್ತು. ಅಂಥವರು ಹೇಳಿದ ಹೆಸರನ್ನೇ ಬುಕಾನನ್ ಕೂಡ ಅಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡಿದ್ದು. ಚೀಟಿಯಲ್ಲಿ ಕಿತ್ತವರ ಹೆಸರಿಗೆ ಜಾಗ ಇತ್ತು, ಹೇಳಿಕೊಟ್ಟವರಿಗೆ ಇರಲಿಲ್ಲ. ಗೋಡೆ ಎದ್ದ ಕಡೆ ಕಿಲಾರಿ ಹೋಗೋ ಹಾಗಿಲ್ಲ. ಅಪ್ಪ ಹೋಗದ ಕಾವಲಿನ ಹುಲ್ಲನ್ನ ಮಗ ಗುರುತು ಹಿಡಿಯೋದು ಹೇಗೆ?

ಅದಕ್ಕೇ ಒಂದು ಕೆಲಸ ಶುರು ಮಾಡಿದೀನಿ. ಮಳೆ ಆದಮೇಲೆ ಊರ ಸುತ್ತ ಹೋಗಿ, ತೆನೆ ಕಾಣೋ ಹಾಗೆ ಹುಲ್ಲಿನ ಫೋಟೋ ತೆಗೆಯೋದು. ಜಾಗ, ತಾರೀಖು, ಹೆಸರು ಬರೆಯೋದು. ಹೆಸರು ಹೇಳಿದವರು ಒಪ್ಪಿದರೆ ಅವರ ಹೆಸರನ್ನೂ ಬರೆಯೋದು. ನೀವೂ ಕಳಿಸಿ. ಅಜ್ಜನ ಹತ್ರ ಕೇಳಿ ಒಂದು ವಾಯ್ಸ್ ನೋಟ್ ಮಾಡಿದ್ರೂ ಸಾಕು. ನನ್ನ ಪಟ್ಟಿಯಲ್ಲಿ ಮೊದಲನೇದು ಹಂಚಿ, ಎರಡನೇದು ಕರಡ. ಮೂರನೇದಕ್ಕೆ ನಮ್ಮ ಓಣಿಯಲ್ಲಿ ಯಾರಿಗೂ ಹೆಸರು ಬರ್ತಿಲ್ಲ, ಫೋಟೋ ಹಾಕಿರ್ತೀನಿ, ನೋಡಿ ಹೇಳಿ.