ಬಿಲ್ಲು ಕಟ್ಟಲು ಹಸು ಮಾರಬೇಕೇ?

(ತಾಲ್ಲೂಕು ಕೇಂದ್ರವೊಂದರಲ್ಲಿ ನಡೆದ ರೈತರು ಮತ್ತು ಸಣ್ಣ ಉದ್ದಿಮೆದಾರರ ಸಭೆಯಲ್ಲಿ ವೆಲ್ಡಿಂಗ್ ಅಂಗಡಿಯ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಇಪ್ಪತ್ತೆರಡು ವರ್ಷದಿಂದ ಕಬ್ಬಿಣ ಬೆಸೆಯುವವನು. ಗೇಟು, ಕಿಟಕಿ ಸರಳು, ಟ್ರಾಕ್ಟರ್ ಟ್ರೈಲರು ಇವೇ ನನ್ನ ಕೆಲಸ. ನನ್ನ ಜೊತೆ ನಾಲ್ವರು ಹುಡುಗರು ದುಡಿಯುತ್ತಾರೆ. ಅವರಲ್ಲೊಬ್ಬನ ಮನೆಯ ಕಥೆ ಹೇಳುತ್ತೇನೆ. ಇದು ನಿಮ್ಮ ಮನೆಯ ಕಥೆಯೂ ಹೌದೋ ಅಲ್ಲವೋ, ನೀವೇ ಹೇಳಿ.

ಕಳೆದ ಸುಗ್ಗಿಯಲ್ಲಿ ಒಂದು ರಾತ್ರಿ ಆ ಹುಡುಗನ ತಂದೆಗೆ ಎದೆನೋವು ಬಂತು. ಎರಡೂವರೆ ಎಕರೆ ಮಳೆಯಾಧಾರಿತ ಹೊಲ, ಎರಡು ಕರೆಯುವ ಹಸು, ಇಷ್ಟೇ ಅವರ ಆಸ್ತಿ. "ಈ ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರಿರುತ್ತಾರೆ?" ಎಂದು ಅದರ ಗೇಟಿನ ಮುಂದೆಯೇ ಕಾರು ದಾಟಿಸಿ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಗೆ ಹೋದೆವು. ಕಾರು ಓಡಿಸಿದವನು ನಾನೇ.

ಕೌಂಟರಿನಲ್ಲಿ ಕೇಳಿದ ಮೊದಲ ಮಾತು: "ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ?" ಕಬ್ಬಿಣ ತರಲೆಂದು ಇಟ್ಟಿದ್ದ ಎಂಬತ್ತು ಸಾವಿರ ಕಟ್ಟಿದೆ. ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆ ವೈದ್ಯರಿಗೆ ಇಂದಿಗೂ ಕೈಮುಗಿಯುತ್ತೇನೆ. ಆದರೆ ಆರನೆಯ ದಿನ ಬಂದ ಬಿಲ್ಲು ಎರಡು ಲಕ್ಷದ ಎಂಬತ್ತೈದು ಸಾವಿರ! ಹಸುಗಳು ಹೋದವು. ಮನೆಯಾಕೆಯ ಸರ ಗಿರವಿ ಅಂಗಡಿ ಸೇರಿತು. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಇತ್ತ ನನಗೆ ಕಬ್ಬಿಣದ ಸಾಹುಕಾರರು ಉದ್ದರಿ ನಿಲ್ಲಿಸಿದರು, ಕೈಗೆ ಬಂದಿದ್ದ ಶಾಲೆಯ ಗೇಟಿನ ಕೆಲಸ ತಪ್ಪಿತು. ಎದೆನೋವು ಬಂದದ್ದು ಒಬ್ಬರಿಗೆ, ಕುಸಿದದ್ದು ಎರಡು ಮನೆ!

ಸಹಿ ಹಾಕಿದವನು ನಾನೇ

ಇನ್ನು ನನ್ನ ತಪ್ಪು ಹೇಳುತ್ತೇನೆ. ಆ ಮನೆಯ ಟ್ರಂಕಿನಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು! 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ತುರ್ತು ಚಿಕಿತ್ಸೆಗೆ ಅದೂ ಬೇಡ. ನಾವು ಹೋದ ಆಸ್ಪತ್ರೆ ಆ ಯೋಜನೆಗೆ ಸೇರಿದ್ದೇ ಆಗಿತ್ತು. ಆದರೂ "ಕಾರ್ಡ್ ಇದೆಯೇ?" ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ರಾತ್ರಿ ನಾಲ್ಕು ಹಾಳೆಗೆ ಸಹಿ ಹಾಕಿಸಿಕೊಂಡರು. ನಾಲ್ಕೂ ಇಂಗ್ಲಿಷಿನಲ್ಲಿ. ಬೆರಳು ತೋರಿಸಿದ ಕಡೆ ಹುಡುಗ ಸಹಿ ಮಾಡಿದ, ಸಾಕ್ಷಿಯಾಗಿ ನಾನೂ ಮಾಡಿದೆ. ತಿಂಗಳ ಮೇಲೆ ನನ್ನ ತಂಗಿಯ ಮಗ ಅದರ ನಕಲು ಓದಿ ಹೇಳಿದ: "ಮಾವ, ಯಾವ ಸರ್ಕಾರಿ ಯೋಜನೆಯೂ ಬೇಡ, ನಮ್ಮ ಸ್ವಂತ ಖರ್ಚಿನಲ್ಲೇ ಚಿಕಿತ್ಸೆ ಮಾಡಿಸಿಕೊಳ್ಳುತ್ತೇವೆ ಅಂತ ಬರೆದುಕೊಟ್ಟಿದ್ದೀರಲ್ಲ!"

ಬಂಧುಗಳೇ, ಕನ್ನಡ ಬೇಕು ಎಂದರೆ ಕೆಲವರಿಗೆ ಅದು ಬಾವುಟದ ಮಾತು. ನನಗೆ ಅದು ಆ ಎರಡು ಹಸುಗಳ ಮಾತು! ಆ ಹಾಳೆ ಕನ್ನಡದಲ್ಲಿ ಇದ್ದಿದ್ದರೆ ಎಸ್ಸೆಸ್ಸೆಲ್ಸಿ ಓದಿದ ಹುಡುಗ ಓದುತ್ತಿರಲಿಲ್ಲವೇ? 2024ರಲ್ಲಿ ಕಾನೂನು ತಿದ್ದಿ ಆಸ್ಪತ್ರೆಗಳ ನಾಮಫಲಕದಲ್ಲೂ ಶೇಕಡಾ 60 ಕನ್ನಡ ಇರಬೇಕೆಂದರು. ಸಂತೋಷ. ಬಾಗಿಲ ಮೇಲೆ ಕನ್ನಡ, ಒಳಗೆ ಸಹಿ ಹಾಕುವ ಹಾಳೆ ಇಂಗ್ಲಿಷ್ ಎಂದರೆ ಯಾರಿಗೆ ಉಪಯೋಗ?

ದರಕ್ಕೆ ಲಗಾಮು ಎಲ್ಲಿದೆ?

2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಲಕ್ಷ ರೂಪಾಯಿ ದಾಟಿ ಮಾರುತ್ತಿದ್ದ ಔಷಧಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಬಿಲ್ಲಿನಲ್ಲಿ ಸ್ಟೆಂಟ್ ಒಂದೇ ಸಾಲು. ಕೋಣೆ ಬಾಡಿಗೆ, ಐಸಿಯು, ಶಸ್ತ್ರಚಿಕಿತ್ಸೆಯ ಶುಲ್ಕ, ಪರೀಕ್ಷೆಗಳು, ಇವಕ್ಕೆ ಅಂಥ ಮಿತಿ ಇಲ್ಲ.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆಂದು 2007ರ ಕಾಯಿದೆ ಇದೆ. 2017ರಲ್ಲಿ ಅದನ್ನು ಬಿಗಿ ಮಾಡಲು ಹೊರಟಾಗ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಕೊನೆಗೆ ಉಳಿದದ್ದು ಏನು? ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ದರ ನಿಗದಿ. ಕೈಯಿಂದ ಕಟ್ಟುವವನು ಆಸ್ಪತ್ರೆ ಹೇಳಿದ್ದನ್ನೇ ಕಟ್ಟಬೇಕು!

ಮಾತ್ರೆಗಳ ಕಥೆಯೂ ಅಷ್ಟೇ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಅಗತ್ಯ ಔಷಧಗಳಿಗೇ 2022ರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು, 2023ರಲ್ಲಿ ಶೇಕಡಾ 12ಕ್ಕಿಂತ ಹೆಚ್ಚು ಏರಿಸಲು ಅವಕಾಶ ಸಿಕ್ಕಿತು. ಆ ಎರಡು ವರ್ಷ ನಿಮ್ಮ ಜೋಳ, ರಾಗಿಗೆ ಯಾರಾದರೂ ತಾವಾಗಿಯೇ ಹೀಗೆ ಬೆಲೆ ಏರಿಸಿ ಕೊಟ್ಟರೇ? ಆಸ್ಪತ್ರೆಯಲ್ಲಿ ಮಲಗಿದರೆ ಯೋಜನೆಗಳಿವೆ. ಮನೆಯಲ್ಲೇ ಕೂತು ನುಂಗುವ ಸಕ್ಕರೆ ಕಾಯಿಲೆಯ, ಬಿಪಿಯ ಮಾತ್ರೆಗೆ ಅವು ಬರುವುದಿಲ್ಲ.

ಲೆಕ್ಕವನ್ನೂ ಒಪ್ಪೋಣ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕಟ್ಟುವ ಪಾಲು 2013-14ರಲ್ಲಿ ಶೇಕಡಾ 64.2 ಇತ್ತು, 2021-22ಕ್ಕೆ 39.4ಕ್ಕೆ ಇಳಿದಿದೆ ಎನ್ನುತ್ತದೆ ಕೇಂದ್ರದ ಲೆಕ್ಕ. ಇಳಿದದ್ದು ಒಳ್ಳೆಯದೇ. ಆದರೆ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ನಮ್ಮ ಜೇಬಿನದು. ಆ ಜೇಬಿನಲ್ಲಿ ಇಲ್ಲದಿದ್ದರೆ ಅದು ಹಸುವಿನದು, ಸರದ್ದು, ಹೊಲದ್ದು!

ಸಣ್ಣ ಅಂಗಡಿಯವನು ಎಲ್ಲಿಗೆ ಸೇರಿದವನು?

ನಾನು ಬಿಪಿಎಲ್ ಅಲ್ಲ. ನನ್ನಂಥ ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ನಿಗದಿತ ದರದ ಶೇಕಡಾ 30, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಇಎಸ್‌ಐ ಕಡ್ಡಾಯವಾಗುವುದು ಹತ್ತು ಮಂದಿ ಇದ್ದರೆ. ನಮ್ಮಲ್ಲಿರುವುದು ಐದೇ ಜನ. ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಮಾಲೀಕ ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ ಸಣ್ಣ ಘಟಕವೂ ಇಎಸ್‌ಐಗೆ ಸೇರಬಹುದು ಎನ್ನುತ್ತದೆ ಅದು. ಈ ಮಾತನ್ನು ನಮ್ಮ ಅಂಗಡಿ ಬಾಗಿಲಿಗೆ ಬಂದು ಹೇಳಿದವರು ಯಾರು? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ತೆಗೆದರು. ಆದರೆ ನಾನು ನನ್ನ ಹುಡುಗರಿಗೆಲ್ಲ ಸೇರಿಸಿ ಗುಂಪು ವಿಮೆ ಮಾಡಿಸಿದರೆ ಶೇಕಡಾ 18 ಕಟ್ಟಬೇಕು. ಇದು ಯಾವ ನ್ಯಾಯ?

ರೈತರಿಗೆ ಯಶಸ್ವಿನಿ ಇತ್ತು. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯ ವರ್ಷಕ್ಕೆ ಕಟ್ಟುತ್ತಿದ್ದದ್ದು 60 ರೂಪಾಯಿ. 2018ರಲ್ಲಿ ಅದನ್ನು ನಿಲ್ಲಿಸಿದರು. ಜನ ಕೂಗಿದ ಮೇಲೆ 2023ರ ಜನವರಿ 1ರಿಂದ ಮತ್ತೆ ಚಿಕಿತ್ಸೆ ಆರಂಭವಾಯಿತು. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಮಾಡಿದರು. ಕೂಗಿದ್ದಕ್ಕೆ ಬಂತು ಎಂಬುದನ್ನು ಮರೆಯಬೇಡಿ.

ನಾವು ಮಾಡಬೇಕಾದದ್ದು

ಮೊದಲು ನಮ್ಮ ಕೆಲಸ. ಇಂದೇ ಮನೆಗೆ ಹೋಗಿ ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಕಾರ್ಡು ಒಂದೇ ಚೀಲಕ್ಕೆ ಹಾಕಿ ಗೂಟಕ್ಕೆ ನೇತುಹಾಕಿ. ಎದೆನೋವು ಬಂದರೆ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋದರೆ ಮೊದಲು "ಆರೋಗ್ಯ ಮಿತ್ರ ಎಲ್ಲಿ?" ಎಂದು ಕೇಳಿ. ಓದಿ ತಿಳಿಸುವವರೆಗೆ ಸಹಿ ಹಾಕಬೇಡಿ. ಅನ್ಯಾಯವಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ, ಅಲ್ಲಿಗೆ ದೂರು ಕೊಡಿ. ನಾನು ತಡವಾಗಿಯಾದರೂ ಕೊಟ್ಟಿದ್ದೇನೆ.

ಇನ್ನು ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ:

1. ಆಸ್ಪತ್ರೆಯ ಒಪ್ಪಿಗೆ ಪತ್ರ, ದರಪಟ್ಟಿ, ಬಿಲ್ಲು ಕನ್ನಡದಲ್ಲಿ ಇರಲೇಬೇಕು. ರೋಗಿಯ ಭಾಷೆಯಲ್ಲಿ ಇಲ್ಲದ ಸಹಿಗೆ ಬೆಲೆ ಇರಬಾರದು.
2. ಕೈಯಿಂದ ಕಟ್ಟುವವರಿಗೂ ಸಾಮಾನ್ಯ ಚಿಕಿತ್ಸೆಗಳ ದರ ನಿಗದಿಯಾಗಲಿ.
3. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ತಜ್ಞ ವೈದ್ಯರು ಇರಲಿ.
4. ಸಣ್ಣ ಘಟಕಗಳ ಗುಂಪು ವಿಮೆಗೂ ಜಿಎಸ್‌ಟಿ ತೆಗೆಯಲಿ.

ಆ ಹುಡುಗ ಈಗಲೂ ನನ್ನ ಅಂಗಡಿಯಲ್ಲೇ ಇದ್ದಾನೆ. ಸಂಜೆ ಎರಡು ಗಂಟೆ ಹೆಚ್ಚು ದುಡಿದು ಬಡ್ಡಿ ಕಟ್ಟುತ್ತಾನೆ. ಅವನ ತಂದೆ ಬೆಳಗ್ಗೆ ಎದ್ದ ಕೂಡಲೇ ಅಭ್ಯಾಸಬಲದಿಂದ ಕೊಟ್ಟಿಗೆಗೆ ಹೋಗುತ್ತಾರಂತೆ. ಹೋಗಿ, ಖಾಲಿ ಗೂಟ ನೋಡಿ ಹಿಂದಿರುಗುತ್ತಾರಂತೆ. "ಉಳಿದದ್ದೇಕೆ ಅನ್ನಿಸುತ್ತದೆ" ಎಂದು ಒಮ್ಮೆ ನನ್ನ ಮುಂದೆಯೇ ಅಂದರು. ಜೀವ ಉಳಿಸಿಕೊಂಡ ಮನುಷ್ಯ ಹೀಗೆ ಅನ್ನಬಾರದು. ಅನ್ನುವಂತೆ ಮಾಡುವ ವ್ಯವಸ್ಥೆ ನಮಗೆ ಬೇಡ!